ಕಾರ್ಟ್ ರೇಸಿಂಗ್ ಮತ್ತು ಟ್ಯೂನಿಂಗ್: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಓದುವಾಗ ನಾವು ಎಂಟು ಜನ ಸೇರಿ ಒಂದು ಕಾರ್ಟ್, ಅಂದರೆ ರೇಸಿನ ಪುಟ್ಟ ನಾಲ್ಕು ಚಕ್ರದ ಗಾಡಿ, ಕಟ್ಟಿದ್ದೆವು. ಅದು ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಆಮೇಲೆ ಹೈದರಾಬಾದ್, ಬೆಂಗಳೂರಿಗೆ ಹೋಗಿ ಬಾಡಿಗೆ ಕಾರ್ಟ್ ಓಡಿಸುತ್ತಾ, ಹವ್ಯಾಸಿ ರೇಸುಗಳಲ್ಲಿ ಕೊನೆಯ ಸಾಲಿನಿಂದ ನಿಧಾನಕ್ಕೆ ಮೇಲೆ ಬರುತ್ತಾ ಒಂದಿಷ್ಟು ಕಲಿತೆ. ಈಗ ಕಲಬುರಗಿ, ಬೀದರ, ಯಾದಗಿರಿಯ ಕಾಲೇಜು ಹುಡುಗರು ಫೋನ್ ಮಾಡುತ್ತಾರೆ. ಕೆಲವು ಸಲ ಅವರ ಅಪ್ಪಂದಿರೂ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಕಾರ್ಟ್ ಅಂದ್ರೆ ಮಾಲ್‌ನಲ್ಲಿ ಮಕ್ಕಳು ಓಡಿಸುವ ಗಾಡಿ ತಾನೆ?

ಸಂಬಂಧಿಕರು ಅಷ್ಟೇ, ಒಂದೇ ಅಲ್ಲ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬುವರು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಪೈಪಿನ ಚೌಕಟ್ಟಿಗೆ ಕೂರಿಸಿದರು. ಕಾರ್ಟ್ ಶುರುವಾಗಿದ್ದು ಅಲ್ಲಿಂದ. ಈಗ ರೇಸಿಗೆ ಬಳಸುವ, ರೋಟಾಕ್ಸ್ ಕಂಪನಿಯ ಸೀನಿಯರ್ ಮ್ಯಾಕ್ಸ್ ಎಂಜಿನ್ ಬರೀ 125 ಸಿಸಿ, ಟೂ ಸ್ಟ್ರೋಕ್. ಆದರೆ ಸುಮಾರು 30 ಎಚ್‌ಪಿ ಕೊಡುತ್ತದೆ. ನಿಮ್ಮ ಮನೆಯ 125 ಸಿಸಿ ಬೈಕು ಕೊಡುವುದು ಹತ್ತರ ಆಸುಪಾಸು. ಲೆಕ್ಕ ಹಾಕಿ.

ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ಲೂ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇಲ್ಲ. ಹಿಂದಿನ ಎರಡು ಚಕ್ರಗಳು ಒಂದೇ ಆಕ್ಸಲ್‌ಗೆ, ಅಂದರೆ ಒಂದೇ ದಂಡಕ್ಕೆ, ಬಿಗಿದಿರುತ್ತವೆ. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಬರುವ ಟ್ಯೂನಿಂಗ್ ಅರ್ಧ ಇಲ್ಲಿಂದಲೇ ಹುಟ್ಟುತ್ತದೆ.

ಇಲ್ಲಿಂದ ಎಲ್ಲಿಗೆ ಹೋಗಿ ಓಡಿಸಬೇಕ್ರಿ?

ನಿಜವಾದ ರೇಸ್ ಅನುಭವ ಬೇಕಂದ್ರೆ ಊರು ಬಿಡಲೇಬೇಕು. ನಮಗೆ ಹತ್ತಿರದ್ದು ಹೈದರಾಬಾದ್. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ದಾಟಿ ಸುಮಾರು 220 ಕಿ.ಮೀ. ಬೀದರದವರಿಗೆ ಇನ್ನೂ ಹತ್ತಿರ, 140ರ ಆಸುಪಾಸು. ಅಲ್ಲಿ ಶಂಶಾಬಾದ್ ಕಡೆ ಚಿಕೇನ್ ಸರ್ಕ್ಯೂಟ್ ಎಂಬ ಕಾರ್ಟ್ ಟ್ರ್ಯಾಕ್ ಇದೆ. ಬೆಂಗಳೂರಿನಲ್ಲಿ ಮೆಕೊ ಕಾರ್ಟೋಪಿಯಾ. ಯಾದಗಿರಿಯವರು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದೇ ಸುಲಭ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ದೊಡ್ಡ ಟ್ರ್ಯಾಕ್, ಆದರೆ ಮೊದಲ ವರ್ಷ ಅಷ್ಟು ದೂರ ಯಾಕೆ?

ಹೊಸ ಲೇಔಟ್ ರಸ್ತೆ ಖಾಲಿ ಇದೆ. ರಿಂಗ್ ರೋಡ್ ಬೆಳಗಿನ ಜಾವ ಖಾಲಿ ಇರುತ್ತೆ. ಅಲ್ಲಿ ಟೆಸ್ಟ್ ಮಾಡಬಹುದಾ?

ಬೇಡ. ಕಾರ್ಟಿಗೆ ನೋಂದಣಿ ಇಲ್ಲ, ವಿಮೆ ಇಲ್ಲ, ಲೈಟಿಲ್ಲ. ಲಾರಿ ಚಾಲಕನ ಕಣ್ಣಿಗೆ ನೀವು ಬೀಳುವುದೇ ಇಲ್ಲ, ಅಷ್ಟು ಕೆಳಗೆ ಕೂತಿರುತ್ತೀರಿ. ಕಾಲೇಜು ಮೈದಾನದಲ್ಲಿ ಅನುಮತಿ ತಗೊಳ್ಳಿ. ಇಲ್ಲವೇ ಸುತ್ತ ಗೋಡೆಯಿರುವ, ನೆಲ ಗಟ್ಟಿಯಾಗಿರುವ ಗೋದಾಮಿನ ಅಂಗಳ ಹುಡುಕಿ, ಮಾಲೀಕರನ್ನು ಕೇಳಿ. ಬೇಸಿಗೆಯಲ್ಲಿ ತೊಗರಿ ಸೀಸನ್ ಮುಗಿದ ಮೇಲೆ ಅಂಥ ಅಂಗಳ ಸಿಗುತ್ತದೆ. ಒಂದು ಡಬ್ಬ ಪೇಡಾ ಒಯ್ದರೆ ಬೇಗ ಸಿಗುತ್ತದೆ.

ಶುರು ಮಾಡಲು ಸ್ವಂತ ಕಾರ್ಟ್ ಬೇಕಾ?

ಖಂಡಿತ ಬೇಡ. ಹೊಸ ರೇಸ್ ಕಾರ್ಟ್ ಲಕ್ಷಗಳ ಮಾತು. ಅದಕ್ಕಿಂತ ಹೆಚ್ಚಾಗಿ ಟೈರು, ಸಾಗಣೆ, ಮೆಕ್ಯಾನಿಕ್ ಅಂತ ತಿಂಗಳು ತಿಂಗಳು ದುಡ್ಡು ಹರಿಯುತ್ತದೆ. ಮೊದಲ ವರ್ಷ ಬಾಡಿಗೆ ಕಾರ್ಟ್ ಸಾಕು. ಟ್ರ್ಯಾಕಿನವರೇ ನಡೆಸುವ ಬಾಡಿಗೆ ಕಾರ್ಟ್ ರೇಸುಗಳಿರುತ್ತವೆ. ಎಲ್ಲರಿಗೂ ಒಂದೇ ಬಗೆಯ ಗಾಡಿ, ಯಾರಿಗೆ ಯಾವುದು ಅಂತ ಚೀಟಿ ಎತ್ತುತ್ತಾರೆ. ಓಡಿಸುವವನ ಬಂಡವಾಳ ಎಷ್ಟು ಅಂತ ಬಯಲಾಗುವುದು ಅಲ್ಲೇ.

ರಾಷ್ಟ್ರೀಯ ಮಟ್ಟದ ರೇಸಿಗೆ ಇಳಿಯುವುದಾದರೆ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ನಮ್ಮ ದೇಶದ ಮೋಟಾರ್ ಕ್ರೀಡೆಗೆ ಅದೇ ಒಕ್ಕೂಟ. ರೋಟಾಕ್ಸ್ ಸರಣಿಯಲ್ಲಿ ತಮ್ಮ ವರ್ಗ ಗೆದ್ದವರಿಗೆ ದೇಶದ ಪರವಾಗಿ ಗ್ರ್ಯಾಂಡ್ ಫೈನಲ್ಸ್ ಎಂಬ ವಿಶ್ವ ಮಟ್ಟದ ರೇಸಿಗೆ ಹೋಗುವ ಅವಕಾಶ ಇರುತ್ತದೆ. ಕನಸು ಕಾಣಲು ದುಡ್ಡು ಕೊಡಬೇಕಿಲ್ಲ, ಆದರೆ ಮೊದಲು ಬಾಡಿಗೆ ರೇಸಿನಲ್ಲಿ ಮೊದಲ ಐದರೊಳಗೆ ಬನ್ನಿ.

ನಾನು ಪೂರ್ತಿ ಆಕ್ಸಿಲರೇಟರ್ ಒತ್ತೇ ಓಡಿಸ್ತೀನಿ. ಆದರೂ ಪಕ್ಕದವನು ಮುಂದೆ ಹೋಗ್ತಾನೆ. ಯಾಕೆ?

ಯಾಕಂದ್ರೆ ನೀವು ತಿರುವಿನಲ್ಲಿ ಜಾರುತ್ತಿದ್ದೀರಿ. ಟೈರು ಕಿರುಚುತ್ತದೆ, ಹಿಂಭಾಗ ಬೀಸುತ್ತದೆ, ನೋಡುವವರು ಸೀಟಿ ಹೊಡೆಯುತ್ತಾರೆ. ಗಡಿಯಾರ ಮಾತ್ರ ಬೇರೆ ಹೇಳುತ್ತದೆ. ಬಾಡಿಗೆ ಕಾರ್ಟಿನ ಎಂಜಿನ್ನಿಗೆ ಶಕ್ತಿ ಕಡಿಮೆ. ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಗಳಿಸಲು ಇಡೀ ನೇರ ರಸ್ತೆ ಬೇಕು.

ಬ್ರೇಕ್ ನೇರ ರಸ್ತೆಯಲ್ಲೇ ಮುಗಿಸಿ. ಸ್ಟೀರಿಂಗ್ ತಿರುಗಿಸುವ ಮೊದಲೇ ಬ್ರೇಕಿನಿಂದ ಕಾಲು ನಿಧಾನಕ್ಕೆ ಎತ್ತಿ. ತಿರುವಿನ ಒಳಬದಿಯನ್ನು ತುಸು ತಡವಾಗಿ ಮುಟ್ಟಿ, ಆಗ ಹೊರಬರುವಾಗ ಸ್ಟೀರಿಂಗ್ ನೇರ ಮಾಡಿ ಬೇಗ ಆಕ್ಸಿಲರೇಟರ್ ಒತ್ತಬಹುದು. ಎಡಗಾಲು ಬ್ರೇಕಿಗೆ, ಬಲಗಾಲು ಆಕ್ಸಿಲರೇಟರಿಗೆ. ಎರಡೂ ಒಟ್ಟಿಗೆ ಒತ್ತಬೇಡಿ. ಬೈಕ್ ಓಡಿಸಿ ಅಭ್ಯಾಸ ಇರುವವರು ಒಳಗಡೆಗೆ ವಾಲುತ್ತಾರೆ. ಅದೂ ಬೇಡ, ನೆಟ್ಟಗೆ ಕೂತಿರಿ.

ಒಂದು ಸುತ್ತಿಗೆ 0.3 ಸೆಕೆಂಡ್ ಉಳಿಸಿದರೆ 15 ಸುತ್ತಿಗೆ 4.5 ಸೆಕೆಂಡ್. ಕಾರ್ಟ್ ರೇಸಿನಲ್ಲಿ ಅಷ್ಟರಲ್ಲಿ ನಾಲ್ಕೈದು ಜನ ಬಂದು ಹೋಗುತ್ತಾರೆ.

ನನ್ನ ತೂಕ 85 ಕೆಜಿ. ತೂಕ ಇಳಿಸಲೇಬೇಕಾ?

150 ಕೆಜಿಯ ಬಾಡಿಗೆ ಕಾರ್ಟ್ ಅಂತಿಟ್ಟುಕೊಳ್ಳಿ. ನೀವು ಕೂತರೆ 235, ನಿಮ್ಮ 60 ಕೆಜಿಯ ಗೆಳೆಯ ಕೂತರೆ 210. ನೂರಕ್ಕೆ 12ರಷ್ಟು ಜಾಸ್ತಿ ಭಾರ ಎಳೆಯಬೇಕು ಅದೇ ಎಂಜಿನ್. ವ್ಯತ್ಯಾಸ ಗೊತ್ತಾಗುತ್ತದೆ. ಸರಿಯಾದ ರೇಸುಗಳಲ್ಲಿ ಚಾಲಕನ ಸಮೇತ ಕನಿಷ್ಠ ತೂಕ ನಿಗದಿ ಮಾಡಿರುತ್ತಾರೆ. ಹಗುರ ಇದ್ದವರು ಸೀಟಿಗೆ ಸೀಸದ ತುಂಡು ಬೋಲ್ಟ್ ಹಾಕಿಕೊಳ್ಳಬೇಕು. ಹಾಗಾಗಿ ರೊಟ್ಟಿ ಬಿಡುವ ಮೊದಲು ನಿಯಮ ಓದಿ.

ಟೈರಿಗೆ ಎಷ್ಟು ಗಾಳಿ ಹಾಕಬೇಕು?

ಎಲ್ಲರೂ ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಇದನ್ನು. ಪುಕ್ಕಟೆ ಸಿಗುವ ಟ್ಯೂನಿಂಗ್ ಇದೊಂದೇ.

ರೇಸ್ ಕಾರ್ಟಿನ ಸ್ಲಿಕ್ (ಗೀರುಗಳಿಲ್ಲದ ನುಣುಪು) ಟೈರಿಗೆ, ಟೈರ್ ಯಾವುದು ಅನ್ನುವುದರ ಮೇಲೆ, ತಣ್ಣಗಿರುವಾಗ 10ರಿಂದ 14 ಪಿಎಸ್‌ಐ ಒಳಗೆ ಶುರು ಮಾಡುತ್ತಾರೆ. ಕಾರಿಗೆ 30, 32 ಹಾಕಿ ರೂಢಿ ಇದ್ದವರಿಗೆ ಇದು ಪಂಕ್ಚರ್ ಆದಂತೆ ಕಾಣುತ್ತದೆ. ನಾವು ಮೊದಲ ವರ್ಷ ಪಂಕ್ಚರ್ ಅಂಗಡಿಯ ಗೇಜ್ ತಂದು ಗಾಳಿ ನೋಡುತ್ತಿದ್ದೆವು. ಅದು ಲಾರಿ ಟೈರಿಗೆ ಮಾಡಿದ್ದು. 12ಕ್ಕೂ 15ಕ್ಕೂ ಮುಳ್ಳು ಒಂದೇ ಕಡೆ ನಿಲ್ಲುತ್ತಿತ್ತು. 30 ಪಿಎಸ್‌ಐವರೆಗೆ ಮಾತ್ರ ತೋರಿಸುವ ಗೇಜ್ ಒಂದು ಕೊಳ್ಳಿ. ಬೇರೆ ಏನನ್ನೂ ಕೊಳ್ಳದಿದ್ದರೂ ಪರವಾಗಿಲ್ಲ.

ಈಗ ನಮ್ಮ ಬಿಸಿಲಿನ ವಿಷಯ. ಗಾಳಿ ಬಿಸಿಯಾದಷ್ಟೂ ಒತ್ತಡ ಏರುತ್ತದೆ. 12 ಪಿಎಸ್‌ಐ ಟೈರಿನಲ್ಲಿ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ 0.9 ಪಿಎಸ್‌ಐ. ಬೆಳಿಗ್ಗೆ ಏಳಕ್ಕೆ 25 ಡಿಗ್ರಿ ಇರುವಾಗ 12 ಹಾಕಿದಿರಿ ಅನ್ನಿ. ಮಧ್ಯಾಹ್ನ 40 ಡಿಗ್ರಿಯಲ್ಲಿ, ಗಾಡಿ ಒಂದು ಅಡಿಯೂ ಕದಲದೆ, ಅದು 13.3 ಆಗಿರುತ್ತದೆ. ಕಾರ್ಟಿಗೆ ಅರ್ಧ ಪಿಎಸ್‌ಐ ಕೂಡ ಗೊತ್ತಾಗುತ್ತದೆ.

ಒಮ್ಮೆ ಮೇ ತಿಂಗಳಲ್ಲಿ ನಮ್ಮ ಕಾರ್ಟ್ ಬಲಕ್ಕೆ ಚೆನ್ನಾಗಿ ತಿರುಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ಜಾರುತ್ತಿತ್ತು. ಸ್ಟೀರಿಂಗ್ ರಾಡ್ ಬಿಚ್ಚಿದೆವು, ಅಳೆದೆವು, ಜಗಳಾಡಿದೆವು. ಕೊನೆಗೆ ಗೊತ್ತಾಯಿತು: ಗಾಡಿಯನ್ನು ಬೇವಿನ ಮರದ ಕೆಳಗೆ ಅರ್ಧ ನೆರಳು, ಅರ್ಧ ಬಿಸಿಲಿನಲ್ಲಿ ನಿಲ್ಲಿಸಿ ಗಾಳಿ ಹಾಕಿದ್ದೆವು. ಬಿಸಿಲಿನ ಕಡೆಯ ಟೈರು ಆಗಲೇ ಕಾದಿತ್ತು. ಎರಡೂ ಕಡೆ ಗೇಜಿನಲ್ಲಿ 12 ತೋರಿಸಿದ್ದು ನಿಜ, ಓಡಿದ ಮೇಲೆ ಎರಡೂ ಬೇರೆ ಬೇರೆ. ಅವತ್ತಿನಿಂದ ನಾಲ್ಕೂ ಚಕ್ರ ನೆರಳಿನಲ್ಲಿ ತಣ್ಣಗಾದ ಮೇಲೆಯೇ ಗೇಜ್ ಕೈಗೆ ತೆಗೆದುಕೊಳ್ಳುವುದು.

ಅಂದಾಜಿಗೆ: ಮೊದಲ ಮೂರು ಸುತ್ತು ಚೆನ್ನಾಗಿದ್ದು ಆಮೇಲೆ ಜಾರಿದರೆ ಗಾಳಿ ಜಾಸ್ತಿ ಇದೆ, ಅರ್ಧ ಪಿಎಸ್‌ಐ ಇಳಿಸಿ. ಶುರುವಿನಲ್ಲಿ ಜಾರಿ, ಏಳೆಂಟು ಸುತ್ತಿನ ಮೇಲೆ ಹಿಡಿತ ಬಂದರೆ ಕಡಿಮೆ ಇದೆ, ಅರ್ಧ ಏರಿಸಿ. ರೇಸ್ ಎಂಟೇ ಸುತ್ತಿನದಾದರೆ ಬೇಗ ಕಾಯುವ ಟೈರು ಬೇಕು, ಇಪ್ಪತ್ತು ಸುತ್ತಿನದಾದರೆ ಕೊನೆವರೆಗೆ ಬಾಳುವ ಟೈರು ಬೇಕು.

ನಾವೇ ಕಟ್ಟಿದ ಕಾರ್ಟ್ ತಿರುಗೋದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ನೇರ ಹೋಗುತ್ತೆ. ಏನು ತಪ್ಪು?

ಪಿಡಿಎ ಇರಲಿ, ಬೀದರದ ಗುರುನಾನಕ್ ಇರಲಿ, ಭಾಲ್ಕಿ ಇರಲಿ, ಕಾಲೇಜು ತಂಡ ಯಾವುದೇ ಆದರೂ ಮೊದಲ ಕಾರ್ಟಿನ ರೋಗ ಸಾಮಾನ್ಯವಾಗಿ ಇದೇ. ನಮ್ಮದಕ್ಕೂ ಇತ್ತು.

ಮೇಲೆ ಹೇಳಿದ್ದು ನೆನಪಿದೆಯಾ? ಹಿಂದಿನ ಎರಡು ಚಕ್ರ ಒಂದೇ ಆಕ್ಸಲ್ಲಿನಲ್ಲಿವೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸಿದರೆ ಒಂದು ಇನ್ನೊಂದನ್ನು ಎಳೆದಾಡುತ್ತದೆ, ಗಾಡಿ ನೇರ ಹೋಗಲು ಹಟ ಮಾಡುತ್ತದೆ. ಇದಕ್ಕೆ ಕಾರ್ಟಿನಲ್ಲಿರುವ ಉಪಾಯ ಒಂದೇ: ಒಳಗಿನ ಹಿಂಚಕ್ರವನ್ನು ನೆಲದಿಂದ ಎತ್ತಿಬಿಡುವುದು.

ಅದನ್ನು ಎತ್ತುವುದು ಮುಂದಿನ ಚಕ್ರಗಳು. ಮುಂಚಕ್ರ ಯಾವ ಪಿನ್ನಿನ ಸುತ್ತ ಎಡಕ್ಕೆ ಬಲಕ್ಕೆ ತಿರುಗುತ್ತದೋ ಅದು ಕಿಂಗ್‌ಪಿನ್. ಅದು ಹಿಂದಕ್ಕೆ ವಾಲಿರುತ್ತದೆ, ಆ ವಾಲಿಕೆಯೇ ಕ್ಯಾಸ್ಟರ್. ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಮುಂಚಕ್ರ ಕೆಳಗೆ ಒತ್ತುತ್ತದೆ, ಹೊರಗಿನದು ಮೇಲೇಳುತ್ತದೆ. ಚೌಕಟ್ಟು ಓರೆಯಾಗಿ ಒಳಗಿನ ಹಿಂಚಕ್ರ ಹಗುರಾಗುತ್ತದೆ. ಮುರಿದ ಕಾಲಿನ ಮಂಚದ ಮೇಲೆ ಕೂತಾಗ ಎದುರು ಮೂಲೆ ಎದ್ದಂತೆ.

ನಾವೇನು ಮಾಡಿದ್ದೆವು ಗೊತ್ತಾ? ವೆಲ್ಡಿಂಗ್ ಸುಲಭ ಆಗಲಿ ಅಂತ ಕಿಂಗ್‌ಪಿನ್ನನ್ನು ಹೆಚ್ಚುಕಡಿಮೆ ನೆಟ್ಟಗೆ ಹಾಕಿದ್ದೆವು. ನೋಡಲು ತೂಗುಗುಂಡು ಇಟ್ಟಂತೆ ನೇರ. ಆಳಂದ ನಾಕಾ ಕಡೆ ವೆಲ್ಡಿಂಗ್ ಮಾಡುತ್ತಿದ್ದ ಕಾಕಾ ಕೂಡ ಮೆಚ್ಚಿದರು. ಮೈದಾನದಲ್ಲಿ ಮೊದಲ ತಿರುವಿಗೇ ಗಾಡಿ ನೆಟ್ಟಗೆ ಹೋಗಿ ಜಾಲಿ ಮುಳ್ಳಿನೊಳಗೆ ನಿಂತಿತು. ಗಾಡಿ ಎಳೆದು ತಂದು, ಬ್ರ್ಯಾಕೆಟ್ ಕತ್ತರಿಸಿ, 12 ಡಿಗ್ರಿಯಷ್ಟು ವಾಲಿಸಿ ಮತ್ತೆ ಬೆಸೆದೆವು. ಅದೇ ಎಂಜಿನ್, ಅದೇ ಟೈರು, ಬೇರೆಯೇ ಗಾಡಿ.

ನೀವೂ ಪರೀಕ್ಷೆ ಮಾಡಬಹುದು. ಸಮತಟ್ಟಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾರ್ಟ್ ನಿಲ್ಲಿಸಿ, ಚಾಲಕನನ್ನು ಕೂರಿಸಿ. ಒಳಗಿನ ಹಿಂಚಕ್ರದ ಕೆಳಗೆ ಪೇಪರ್ ಹಾಳೆ ಇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಲು ಹೇಳಿ, ಹಾಳೆ ಎಳೆಯಿರಿ. ಸಲೀಸಾಗಿ ಬಂದರೆ ಸರಿ. ಹರಿದರೆ ಕೆಲಸ ಬಾಕಿ ಇದೆ.

ಕ್ಯಾಸ್ಟರ್ ಬದಲಿಸಲು ಆಗದಿದ್ದರೆ ಮುಂದಿನ ಚಕ್ರಗಳನ್ನು ತುಸು ಹೊರಗೆ ಸರಿಸಿ, ಎತ್ತುವ ಬಲ ಹೆಚ್ಚುತ್ತದೆ. ಸೀಟನ್ನು 10 ಮಿ.ಮೀ. ಮುಂದೆ ತಂದರೂ ಮುಂಭಾಗಕ್ಕೆ ಹಿಡಿತ ಬರುತ್ತದೆ. ಸಾಮಾನ್ಯ ರೇಸ್ ಕಾರ್ಟಿನಲ್ಲಿ ಚಾಲಕ ಕೂತಾಗ ಭಾರದ ಹಂಚಿಕೆ ಮುಂದೆ 43, ಹಿಂದೆ 57ರ ಆಸುಪಾಸು ಇರುತ್ತದೆ. ಮನೆಯ ತೂಕದ ಯಂತ್ರಗಳು ನಾಲ್ಕು ಸಿಕ್ಕರೆ ಒಂದೊಂದು ಚಕ್ರಕ್ಕೆ ಒಂದಿಟ್ಟು ನೋಡಬಹುದು. ಒಂದೇ ಇದ್ದರೆ ಉಳಿದ ಮೂರು ಚಕ್ರಕ್ಕೆ ಅಷ್ಟೇ ಎತ್ತರದ ಕಲ್ಲು ಕೊಡಿ.

ಹಿಂಭಾಗ ಬೀಸಿದರೆ?

ಉಲ್ಟಾ ಮಾಡಿ. ಸೀಟು ಸ್ವಲ್ಪ ಹಿಂದೆ, ಅಥವಾ ಹಿಂದಿನ ಚಕ್ರಗಳನ್ನು ಎರಡೂ ಕಡೆ 5 ಮಿ.ಮೀ. ಒಳಗೆ. ಅದಕ್ಕೂ ಮೊದಲು ಟೈರು ಸವೆದಿದೆಯಾ, ಚಾಲಕ ತಿರುವಿನೊಳಗೆ ಬ್ರೇಕ್ ಹಿಡಿಯುತ್ತಿದ್ದಾನಾ ನೋಡಿ. ಕಾರ್ಟಿನ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಆಕ್ಸಲ್‌ಗೆ ಮಾತ್ರ. ತಿರುವಿನಲ್ಲಿ ಹಿಡಿದರೆ ಹಿಂಭಾಗ ಬೀಸದೆ ಇನ್ನೇನು ಮಾಡೀತು?

ಸ್ಪ್ರಾಕೆಟ್ ಎಷ್ಟು ಹಲ್ಲಿನದು ಹಾಕಬೇಕು?

ಸ್ಪ್ರಾಕೆಟ್ ಅಂದ್ರೆ ಚೈನ್ ಕೂರುವ ಹಲ್ಲಿನ ಚಕ್ರ, ಒಂದು ಮುಂದೆ ಎಂಜಿನ್ನಿಗೆ, ಒಂದು ಹಿಂದೆ ಆಕ್ಸಲ್‌ಗೆ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿ. 80ಕ್ಕೆ 12 ಇದ್ದರೆ 6.67. ಈ ಅಂಕಿ ದೊಡ್ಡದಾದಷ್ಟೂ ತಿರುವಿನಿಂದ ಬೇಗ ಎದ್ದೇಳುತ್ತದೆ, ನೇರ ರಸ್ತೆಯಲ್ಲಿ ವೇಗ ಬೇಗ ಮುಗಿಯುತ್ತದೆ. ಚಿಕ್ಕದಾದರೆ ಅದರ ಉಲ್ಟಾ. ಮುಂದೆ ಒಂದು ಹಲ್ಲು ಬದಲಿಸಿದರೆ ಹಿಂದೆ ಆರೇಳು ಹಲ್ಲು ಬದಲಿಸಿದಷ್ಟು ವ್ಯತ್ಯಾಸ. ಹಾಗಾಗಿ ಮೊದಲು ಹಿಂದಿನದನ್ನು ಒಂದೆರಡು ಹಲ್ಲು ಆಡಿಸಿ.

ವೇಗದ ಲೆಕ್ಕವೂ ಸುಲಭ. ಹಿಂದಿನ ಟೈರಿನ ವ್ಯಾಸ 11 ಇಂಚು. ಒಂದು ಸುತ್ತಿಗೆ ಸುಮಾರು 0.88 ಮೀಟರ್. ಆಕ್ಸಲ್ ನಿಮಿಷಕ್ಕೆ 1,500 ಸುತ್ತಿದರೆ ಗಂಟೆಗೆ 79 ಕಿ.ಮೀ. ಟ್ರ್ಯಾಕಿನ ಅತಿ ಉದ್ದದ ನೇರ ರಸ್ತೆ ಮುಗಿಯುವ ಹೊತ್ತಿಗೆ ಎಂಜಿನ್ ತನ್ನ ಗರಿಷ್ಠ ಆರ್‌ಪಿಎಂ ಮುಟ್ಟಬೇಕು. ಅರ್ಧ ದಾರಿಯಲ್ಲೇ ಮುಟ್ಟಿ ಅಳುತ್ತಿದ್ದರೆ ಹಿಂದಿನ ಹಲ್ಲು ಕಡಿಮೆ ಮಾಡಿ.

ಬೇಸಿಗೆಯಲ್ಲಿ ಎಂಜಿನ್ ಮಂಕಾಗುತ್ತೆ. ಕಾರ್ಬ್ಯುರೇಟರ್ ಮುಟ್ಟಬೇಕಾ?

ಬಿಸಿ ಗಾಳಿ ತೆಳು. ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಮತ್ತು ಮೇ ಮಧ್ಯಾಹ್ನ 42 ಡಿಗ್ರಿ ಹೋಲಿಸಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಎಂಟೊಂಬತ್ತು ಕಡಿಮೆ. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಮಾತ್ರ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಕೆಮ್ಮುತ್ತದೆ. ಆಗ ಒಂದು ಸೈಜು ಚಿಕ್ಕ ಮೇನ್ ಜೆಟ್ ಹಾಕಬೇಕು.

ಇಲ್ಲಿ ಒಂದು ತಮಾಷೆ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ಕಲಬುರಗಿ ಅದರ ಅರ್ಧ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ ಅಂತ ನಾವು ಜೆಟ್‌ಗಳ ಡಬ್ಬಿ ಹೊತ್ತು ಹೋಗಿದ್ದೆವು. ಆದರೆ ಅಲ್ಲಿ 28 ಡಿಗ್ರಿ, ಇಲ್ಲಿ 40. ಎತ್ತರದಿಂದ ಕಳೆದದ್ದನ್ನು ತಂಪು ವಾಪಸ್ ಕೊಟ್ಟಿತು. ಲೆಕ್ಕ ಹಾಕಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಡಬ್ಬಿ ಹಾಗೇ ವಾಪಸ್ ಬಂತು.

ಇನ್ನೊಂದು ವಿಷಯ, ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್. ಅದರಲ್ಲಿ 20 ಭಾಗ ಎಥನಾಲ್. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ಪೆಟ್ರೋಲ್ ಸಾಲದಂತಾಗುತ್ತದೆ. ಅಂದರೆ ಬಿಸಿಲು ಒಂದು ಕಡೆ ಎಳೆದರೆ ಇದು ಇನ್ನೊಂದು ಕಡೆ. ಅಂದಾಜು ಬೇಡ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಚೆನ್ನಾಗಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿದ್ದರೆ ಕಡಿಮೆ. ಟೂ ಸ್ಟ್ರೋಕ್‌ನಲ್ಲಿ ಬಿಳಿ ಕಂಡರೆ ಗಾಡಿ ಮುಂದೆ ಓಡಿಸಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ರೋಟಾಕ್ಸ್ ಓಡಿಸುವವರಿಗೆ ತಾಪಮಾನ, ಎತ್ತರ ನೋಡಿ ಜೆಟ್ ಆರಿಸುವ ಪಟ್ಟಿಯನ್ನು ಕಂಪನಿಯೇ ಕೊಡುತ್ತದೆ. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ.

ಧೂಳಿಗೆ ಏನು ಮಾಡೋದು?

ಕರಿ ಮಣ್ಣಿನ ಧೂಳು ಹಿಟ್ಟಿನಂತೆ ನುಣುಪು. ಫೋಮ್ ಫಿಲ್ಟರ್‌ಗೆ ಎಣ್ಣೆ ಹಚ್ಚಿ, ಪ್ರತಿ ದಿನದ ಓಟದ ನಂತರ ತೊಳೆಯಿರಿ. ಚೈನಿಗೆ ಧೂಳಿನ ಜಾಗದಲ್ಲಿ ದಪ್ಪ ಗ್ರೀಸ್ ಬೇಡ, ಮರಳು ಕಾಗದದಂತೆ ತೇಯುತ್ತದೆ.

ಚೈನ್ ಪದೇ ಪದೇ ಕಳಚುತ್ತೆ, ಯಾಕೆ?

ನೂರಕ್ಕೆ ತೊಂಬತ್ತು ಸಲ ಎರಡು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ಇರುವುದಿಲ್ಲ. ಕಾಲೇಜು ಸ್ಪರ್ಧೆಯೊಂದರಲ್ಲಿ ನಾವು ಮನೆಗೆ ಬಂದದ್ದು ಇದೇ ಕಾರಣಕ್ಕೆ. ಬ್ರೇಕ್ ಪರೀಕ್ಷೆಯಲ್ಲಿ ಹಿಂದಿನ ಎರಡೂ ಚಕ್ರ ಲಾಕ್ ಆಗಬೇಕಿತ್ತು. ಆದವು, ಚೈನ್ ಕೂಡ ಹರಿಯಿತು. ಹಿಂದಿನ ರಾತ್ರಿ ಹಬ್ (ಆಕ್ಸಲ್‌ಗೆ ಸ್ಪ್ರಾಕೆಟ್ ಕೂರಿಸುವ ತುಂಡು) ಕಡೆದುಕೊಟ್ಟ ಲೇಥ್ ಅಂಗಡಿಯವರು 4 ಮಿ.ಮೀ. ತಪ್ಪಿಸಿದ್ದರು. ಅಳೆಯದೆ ಹಾಕಿಕೊಂಡು ಹೋದವರು ನಾವು. ಉದ್ದನೆಯ ಸ್ಟೀಲ್ ಸ್ಕೇಲನ್ನು ಎರಡೂ ಸ್ಪ್ರಾಕೆಟ್ಟಿನ ಮುಖಕ್ಕೆ ತಾಗಿಸಿ. ಬೆಳಕು ಕಾಣಬಾರದು. ಚೈನನ್ನು ಮಧ್ಯದಲ್ಲಿ ಒತ್ತಿದರೆ ಒಂದೂವರೆ ಸೆಂ.ಮೀ. ಆಡಬೇಕು.

ಕಾರ್ಟಿಗೆ ಸೀಟ್ ಬೆಲ್ಟ್ ಯಾಕಿಲ್ಲ?

ತಲೆ ಮೇಲೆ ರಕ್ಷಣೆಯ ಕಂಬಿ ಇಲ್ಲದ ಗಾಡಿ ಮಗುಚಿದರೆ, ಬೆಲ್ಟ್ ಕಟ್ಟಿಕೊಂಡವನು ಅದರ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಅದಕ್ಕೇ ರೇಸ್ ಕಾರ್ಟಿಗೆ ಬೆಲ್ಟ್ ಇಲ್ಲ. ಕಂಬಿ ಇರುವ ಬಾಡಿಗೆ ಗಾಡಿಯಲ್ಲಿ ಬೆಲ್ಟ್ ಇದ್ದರೆ ಹಾಕಿಕೊಳ್ಳಿ.

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕೈಗವಸು, ಹಿಮ್ಮಡಿ ಗಂಟು ಮುಚ್ಚುವ ಶೂ, ಪಕ್ಕೆಲುಬಿನ ಕವಚ ಬೇಕು. ಕವಚ ಇಲ್ಲದೆ ಒಂದು ದಿನ ಓಡಿಸಿ ನೋಡಿ, ಮರುದಿನ ಸೀನಲು ಹೆದರುತ್ತೀರಿ. ಉದ್ದ ಕೂದಲು, ದುಪಟ್ಟಾ, ಕುತ್ತಿಗೆಯ ಟವೆಲ್ ಈ ವಿಷಯದಲ್ಲಿ ಯಾರ ಮುಲಾಜೂ ಬೇಡ. ಸೀಟಿನ ಹಿಂದೆ ಗೇಣು ದೂರದಲ್ಲೇ ಆಕ್ಸಲ್ ತಿರುಗುತ್ತಿರುತ್ತದೆ. ನಮ್ಮ ದೇಶದಲ್ಲೇ ಹೀಗೆ ಜೀವ ಹೋಗಿದೆ. ಕೂದಲು ಕಟ್ಟಿ, ಹೆಲ್ಮೆಟ್ ಒಳಗೆ ಹಾಕುವ ಬಟ್ಟೆಯೊಳಗೆ ಸೇರಿಸಿ, ಆಮೇಲೆ ಕೂರಿ.

ಬಾವುಟಗಳು ನೆನಪಿರಲ್ಲ.

ಹಳದಿ: ಮುಂದೆ ಅಪಾಯ, ಹಿಂದಿಕ್ಕಬೇಡಿ. ನೀಲಿ: ಹಿಂದಿನಿಂದ ವೇಗದವನು ಬರುತ್ತಿದ್ದಾನೆ, ದಾರಿ ಕೊಡಿ. ಕೆಂಪು: ರೇಸ್ ನಿಂತಿದೆ. ಕಪ್ಪಿನ ಮೇಲೆ ಕಿತ್ತಳೆ ಚುಕ್ಕೆ: ನಿಮ್ಮ ಗಾಡಿ ಕೆಟ್ಟಿದೆ, ಒಳಗೆ ಬನ್ನಿ. ಬರೀ ಕಪ್ಪು: ನೀವು ಕೆಟ್ಟಿದ್ದೀರಿ, ಒಳಗೆ ಬನ್ನಿ.

ಮಗಳಿಗೆ ಒಂಬತ್ತು ವರ್ಷ. ಕಳಿಸಬಹುದಾ?

ಕಳಿಸಿ. ಎಂಟರ ಸುಮಾರಿಗೆ ಶುರು ಮಾಡುವ ಮಕ್ಕಳಿಗೆ ಮೈಕ್ರೋ ಮ್ಯಾಕ್ಸ್ ವರ್ಗವಿದೆ, ಎಂಜಿನ್ ಶಕ್ತಿ ತಗ್ಗಿಸಿರುತ್ತಾರೆ. ಹುಡುಗ ಹುಡುಗಿಯರು ಒಟ್ಟಿಗೇ ರೇಸ್ ಮಾಡುತ್ತಾರೆ. ಅಪ್ಪಂದಿರು ಮಾತ್ರ ಬೇಲಿಯ ಪಕ್ಕ ನಿಂತು ಕೂಗಬೇಡಿ, ಹೆಲ್ಮೆಟ್ ಒಳಗೆ ಏನೂ ಕೇಳಿಸುವುದಿಲ್ಲ.

ಟ್ಯೂನಿಂಗ್ ಎಲ್ಲಾ ನೆನಪಿಟ್ಟುಕೊಳ್ಳೋದು ಹೇಗೆ?

ಇಪ್ಪತ್ತು ರೂಪಾಯಿಯ ನೋಟ್‌ಬುಕ್. ತಾರೀಖು, ಹೊತ್ತು, ಬಿಸಿಲು, ಟೈರ್ ಒತ್ತಡ ಓಟಕ್ಕೆ ಮುಂಚೆ ಮತ್ತು ಆಮೇಲೆ, ಹಲ್ಲು, ಜೆಟ್, ಸುತ್ತಿನ ಸಮಯ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ನಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ: "ಇವತ್ತು ಎಲ್ಲಾ ಬದಲಿಸಿದೆವು. 2 ಸೆಕೆಂಡ್ ನಿಧಾನ. ಮಿರ್ಚಿ ಭಜಿ ಚೆನ್ನಾಗಿತ್ತು." ಆ ಪುಟದಿಂದ ಕಲಿತದ್ದು ಭಜಿ ಅಂಗಡಿಯ ವಿಳಾಸ ಮಾತ್ರ.

ಮುಂದಿನ ಸಲ ಹೈದರಾಬಾದ್‌ಗೆ ಹೋಗುವಾಗ ನಾವೂ ಬರಬಹುದಾ ಅಣ್ಣಾ?

ಕಾರಿನಲ್ಲಿ ಮೂರು ಸೀಟು ಖಾಲಿ ಇರುತ್ತವೆ. ಬೆಳಿಗ್ಗೆ ಐದಕ್ಕೆ ಹೊರಡುವುದು, ತಿಂಡಿ ಹುಮನಾಬಾದ್‌ನಲ್ಲಿ. ಶೂ, ಕೈಗವಸು ನಿಮ್ಮವೇ ತನ್ನಿ. ಗೇಜ್ ನನ್ನ ಹತ್ತಿರ ಇದೆ.